ಕೂಡಿ ಬಂದ ಎರಡು ತೊಂದರೆಗಳು: ಮೊದಲು ಯಾವುದಕ್ಕೆ ಮದ್ದು?



ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಕುರುಡುಮಲೆ ಇದೆ. ನಿಮ್ಮಲ್ಲಿ ಅನೇಕರು ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗಿರಬಹುದು. ಹದಿಮೂರು ಅಡಿಗೂ ಮಿಗಿಲಾದ ಏಕಶಿಲಾ ಗಣಪತಿಯನ್ನು ಕಂಡು, ಹತ್ತಿರದ ಸೋಮೇಶ್ವರ ದೇವಾಲಯದ ಕೆತ್ತನೆಯನ್ನು ನೋಡಿ ಬಂದಿರಬಹುದು. ಆ ಊರಿನ ಹೆಸರು ಮೊದಲು ‘ಕೂಡುಮಲೆ’ ಎಂದಿತ್ತು, ಬಾಯಿಂದ ಬಾಯಿಗೆ ಸಾಗುತ್ತಾ ಕುರುಡುಮಲೆಯಾಯಿತು ಎಂದು ಅಲ್ಲಿನವರು ಹೇಳುತ್ತಾರೆ. ಉಚ್ಚಾರಣೆ ಸ್ವಲ್ಪ ಜಾರಿದರೆ ಸಾಕು, ‘ಕೂಡುವುದು’ ಹೋಗಿ ‘ಕುರುಡು’ ಬಂದುಬಿಡುತ್ತದೆ. ಹೆಸರು ಬದಲಾದರೆ ಅರ್ಥವೂ ಬದಲಾಗುತ್ತದೆ.

ಮನಸ್ಸಿನ ಕಾಯಿಲೆಗಳ ಚರಿತ್ರೆಯೂ ಬಹುಮಟ್ಟಿಗೆ ಹೆಸರುಗಳ ಚರಿತ್ರೆಯೇ. ಇಲ್ಲಿ ನಾವು ನೋಡಲಿರುವುದು ಎರಡು ತೊಂದರೆಗಳ ಕಥೆ. ಅವು ಒಬ್ಬನೇ ಮನುಷ್ಯನಲ್ಲಿ ಕೂಡಿ ಬರುತ್ತವೆ. ಆದರೆ ಬಹುಕಾಲ ವೈದ್ಯರೂ ಮನೆಯವರೂ ಒಂದನ್ನು ಕಂಡಾಗ ಇನ್ನೊಂದಕ್ಕೆ ಕುರುಡಾದರು.

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ

ಕುರುಡುಮಲೆಯ ಸುತ್ತಿನ ಯಾವುದೋ ಒಂದು ಹಳ್ಳಿಯ ಹುಡುಗ. ಮೂರನೇ ತರಗತಿಯಿಂದಲೂ ಅವನದು ಒಂದೇ ದೂರು: ಕೂತಲ್ಲಿ ಕೂರುವುದಿಲ್ಲ, ಲೆಕ್ಕವನ್ನು ಅರ್ಧಕ್ಕೆ ಬಿಡುತ್ತಾನೆ, ಪುಸ್ತಕ ಮರೆತು ಬರುತ್ತಾನೆ, ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿಬಿಡುತ್ತಾನೆ. ಎಲ್ಲರೂ ‘ತುಂಟ’ ಎಂದರು, ದೊಡ್ಡವನಾದ ಮೇಲೆ ‘ಸೋಮಾರಿ’ ಎಂದರು. ಪದವಿ ತರಗತಿಗೆ ಬಂದ ವರ್ಷ ಅವನಿಗೆ ಇದ್ದಕ್ಕಿದ್ದಂತೆ ನಿದ್ರೆ ಬೇಡವಾಯಿತು. ರಾತ್ರಿಯೆಲ್ಲ ಎಚ್ಚರವಿದ್ದರೂ ಬೆಳಿಗ್ಗೆ ದಣಿವಿಲ್ಲ. ಮಾತಿಗೆ ಕೊನೆಯಿಲ್ಲ. ಟೊಮೆಟೊ ವ್ಯಾಪಾರದಲ್ಲಿ ಕೋಟಿ ಗಳಿಸುವೆನೆಂದು ಸಾಲ ಮಾಡಿದ. ಮೂರು ವಾರ ಕಳೆದ ಮೇಲೆ ಕುಸಿದ. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳಲಿಲ್ಲ. ಮನೆಯವರು ‘ಗಾಳಿ ಸೋಕಿದೆ’ ಎಂದರು.

ಈ ಹುಡುಗ ಕಲ್ಪಿತ. ಆದರೆ ಇಂಥ ಕಥೆ ನಿಮ್ಮ ತರಗತಿಯಲ್ಲಿಯೇ ಇರಬಹುದು. ಅವನಿಗೆ ಇರುವುದು ಒಂದು ತೊಂದರೆಯೋ, ಎರಡೋ? ಎರಡಾದರೆ ಮೊದಲು ಯಾವುದಕ್ಕೆ ಮದ್ದು? ಈ ಎರಡನೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅವನ ಸ್ಥಿತಿ ಇನ್ನಷ್ಟು ಕೆಡಬಹುದು.

ಎರಡು ಹೆಸರುಗಳು ಹುಟ್ಟಿದ ಬಗೆ

ಉನ್ಮಾದ ಹಳೆಯ ಪದ. ಚರಕಸಂಹಿತೆಯಲ್ಲಿಯೇ ಅದರ ವಿವರಣೆ ಇದೆ. ಆದರೆ ಉಬ್ಬರದ ಉನ್ಮಾದ, ಇಳಿತದ ಖಿನ್ನತೆ ಇವೆರಡೂ ಒಂದೇ ಕಾಯಿಲೆಯ ಎರಡು ಮುಖಗಳೆಂದು ಸ್ಪಷ್ಟವಾಗಿ ಹೇಳಿದವರು ಪ್ಯಾರಿಸ್ಸಿನ ಇಬ್ಬರು ವೈದ್ಯರು, ಫಾಲ್ರೆ ಮತ್ತು ಬೈಯಾರ್ಜೆ. ಇದು 1850ರ ದಶಕದ ಮಾತು. ಮೊದಲು ಹೇಳಿದವರು ಯಾರು ಎಂದು ಅವರಿಬ್ಬರೂ ಜಗಳವಾಡಿದ್ದೂ ಉಂಟು. 1899ರಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಇದಕ್ಕೆ ‘ಉನ್ಮಾದ-ಖಿನ್ನತೆಯ ಕಾಯಿಲೆ’ ಎಂಬ ಹೆಸರನ್ನು ನೆಲೆಗೊಳಿಸಿದ. ಅವನು ಮುಖ್ಯವಾಗಿ ನೋಡಿದ್ದು ಕಾಯಿಲೆಯ ಕಾಲಗತಿಯನ್ನು. ಅದು ಬರುತ್ತದೆ, ಹೋಗುತ್ತದೆ, ನಡುವೆ ಮನುಷ್ಯ ಬಹುಮಟ್ಟಿಗೆ ಮೊದಲಿನಂತಾಗುತ್ತಾನೆ, ಮತ್ತೆ ಬರುತ್ತದೆ. ಈ ‘ಕಾಲಗತಿ’ ಎಂಬ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗಮನದ ತೊಂದರೆಯ ಕಥೆ ಬೇರೆ ದಾರಿಯಲ್ಲಿ ಬಂತು. 1798ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯ ತನ್ನ ಪುಸ್ತಕದಲ್ಲಿ ಗಮನದ ದೌರ್ಬಲ್ಯಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಸರಿಯಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾಗದ ಮಕ್ಕಳ ಬಗ್ಗೆ ಉಪನ್ಯಾಸ ಮಾಡಿದ. ಅವನು ಅದನ್ನು ‘ನೈತಿಕ ನಿಯಂತ್ರಣದ ಕೊರತೆ’ ಎಂದು ಕರೆದ. ಅಂದರೆ ಕಾಯಿಲೆಯ ಮಾತಿನೊಳಗೆ ನಡತೆಯ ತೀರ್ಪು ಸೇರಿಕೊಂಡಿತು. ನಮ್ಮ ‘ಸೋಮಾರಿ’ ಎಂಬ ಬೈಗುಳ ಅದರ ಹತ್ತಿರದ ನೆಂಟ.

ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿ 1980ರಲ್ಲಿ ಬಂತು. ‘ಬೈಪೋಲಾರ್’ ಅಂದರೆ ‘ದ್ವಿಧ್ರುವ’ ಎಂಬ ಹೆಸರು, ‘ಗಮನ ಕೊರತೆ’ ಎಂಬ ಹೆಸರು, ಎರಡೂ ಆ ಕೈಪಿಡಿಯಲ್ಲಿ ಒಟ್ಟಿಗೇ ಅಧಿಕೃತವಾದವು. ಗಮನ ಕೊರತೆ ಮಕ್ಕಳ ಅಧ್ಯಾಯಕ್ಕೆ ಸೇರಿತು. ದ್ವಿಧ್ರುವ ಭಾವವಿಕಾರಗಳ ಅಧ್ಯಾಯಕ್ಕೆ ಸೇರಿತು. ಒಂದೇ ಪುಸ್ತಕ, ಆದರೆ ನಡುವೆ ಗೋಡೆ. 1987ರಲ್ಲಿ ಗಮನ ಕೊರತೆಗೆ ‘ಅತಿಚಟುವಟಿಕೆ’ಯೂ ಸೇರಿ ಇಂದಿನ ಎಡಿಎಚ್‌ಡಿ ಎಂಬ ಸಂಕ್ಷಿಪ್ತ ಹೆಸರು ಬಂತು.

ಎರಡು ಮದ್ದುಗಳು

ಹೆಸರುಗಳು ಗಟ್ಟಿಯಾಗುವ ಮೊದಲೇ ಮದ್ದುಗಳು ಸಿಕ್ಕಿದ್ದವು. ಎರಡೂ ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ.

1937ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನಿದ್ದ. ಮಿದುಳಿನ ಎಕ್ಸ್‌ರೇ ಪರೀಕ್ಷೆಯ ನಂತರ ಮಕ್ಕಳಿಗೆ ತಲೆನೋವು ಬರುತ್ತಿತ್ತು. ಅದಕ್ಕಾಗಿ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧಿ ಕೊಟ್ಟು ನೋಡಿದ. ತಲೆನೋವಿಗೆ ಹೆಚ್ಚು ಉಪಯೋಗವಾಗಲಿಲ್ಲ. ಆದರೆ 30 ಮಕ್ಕಳಲ್ಲಿ 14 ಮಂದಿ ಶಾಲೆಯ ಪಾಠದಲ್ಲಿ ಬೆರಗಾಗುವಷ್ಟು ಮುಂದೆ ಬಂದರು. ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಎಂದು ಹೆಸರಿಟ್ಟರು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪಾನಿಜೋನ್ ಮೀಥೈಲ್‌ಫೆನಿಡೇಟ್ ತಯಾರಿಸಿದ. ತನ್ನ ಹೆಂಡತಿ ರೀಟಾಳ ನೆನಪಿಗೆ ಅದು ರಿಟಾಲಿನ್ ಆಯಿತು. ಇಂದಿಗೂ ಎಡಿಎಚ್‌ಡಿಗೆ ಮುಖ್ಯವಾದ ಔಷಧಿ ಅದೇ.

ಎರಡನೆಯದು ಲಿಥಿಯಂ. ಇದು ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ, ಕಲ್ಲಿನಲ್ಲಿ ಸಿಕ್ಕ ಮೂಲವಸ್ತು. ಲೋಹಗಳಲ್ಲೆಲ್ಲ ಹಗುರವಾದದ್ದು. ಕೋಲಾರದ ಮಣ್ಣಿಗೆ ಚಿನ್ನದ ಖ್ಯಾತಿ ಇದ್ದರೆ, ಮಂಡ್ಯ ಜಿಲ್ಲೆಯ ಮಾರ್ಲಗಲ್ಲದ ಕಲ್ಲಿನಲ್ಲಿ ಲಿಥಿಯಂ ಇರುವುದನ್ನು ಈಚೆಗೆ ಗುರುತಿಸಿದ್ದಾರೆ. ಚಿಕಿತ್ಸೆಯಲ್ಲಿ ಇದರ ಕಥೆ ಆಸ್ಟ್ರೇಲಿಯಾದ ಜಾನ್ ಕೇಡ್‌ನದು. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಸೆರೆಯಲ್ಲಿದ್ದ ಈ ವೈದ್ಯ, ಊರಿಗೆ ಮರಳಿದ ಮೇಲೆ ಮೆಲ್ಬರ್ನ್ ಬಳಿಯ ಆಸ್ಪತ್ರೆಯೊಂದರಲ್ಲಿ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಬೇರೊಂದು ವಸ್ತುವನ್ನು ಕರಗಿಸಲು ಲಿಥಿಯಂ ಲವಣ ಬಳಸಿದಾಗ ಇಲಿಗಳು ಶಾಂತವಾದವು. 1949ರಲ್ಲಿ ಹತ್ತು ಮಂದಿ ಉನ್ಮಾದದ ರೋಗಿಗಳಲ್ಲಿ ಅದು ಕೊಟ್ಟ ಫಲವನ್ನು ಅವನು ಪ್ರಕಟಿಸಿದ.

ಆದರೆ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಅವನ ಮೊದಲ ರೋಗಿಯೇ ಮರುವರ್ಷ ಲಿಥಿಯಂ ವಿಷವೇರಿ ತೀರಿಕೊಂಡ. ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಡೆನ್ಮಾರ್ಕಿನ ಮೊಗೆನ್ಸ್ ಶೌ 1954ರಿಂದ ಕ್ರಮಬದ್ಧ ಪರೀಕ್ಷೆಗಳನ್ನು ನಡೆಸಿ, ರಕ್ತದಲ್ಲಿ ಅದರ ಮಟ್ಟವನ್ನು ಅಳೆದು ಕೊಡುವ ಕ್ರಮ ಬೆಳೆದ ಮೇಲೆಯೇ ಲಿಥಿಯಂ ನಂಬಿಕೆಗೆ ಅರ್ಹವಾಯಿತು. 1970ರಲ್ಲಿ ಅಮೆರಿಕವೂ ಒಪ್ಪಿಗೆ ನೀಡಿತು.

ಇವೆರಡರ ಸ್ವಭಾವವನ್ನು ಹೋಲಿಸಿ. ಒಂದು ಎಬ್ಬಿಸುವ ಮದ್ದು, ಇನ್ನೊಂದು ಸಮತೂಗಿಸುವ ಮದ್ದು. ಉತ್ತೇಜಕವು ಮಿದುಳಿನಲ್ಲಿ ಡೋಪಮಿನ್ ಮತ್ತು ನಾರ್‌ಅಡ್ರೆನಲಿನ್ ಎಂಬ ರಾಸಾಯನಿಕಗಳ ಪ್ರಭಾವವನ್ನು ಹೆಚ್ಚಿಸುತ್ತದೆ. ಅದರಿಂದ ಗಮನ ನಿಲ್ಲುತ್ತದೆ. ಉನ್ಮಾದದಲ್ಲಿ ಡೋಪಮಿನ್ ಚಟುವಟಿಕೆ ಮೊದಲೇ ಏರಿರುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಹಾಗಾದರೆ ಎರಡೂ ತೊಂದರೆ ಇರುವವನಿಗೆ ಎಬ್ಬಿಸುವ ಮದ್ದು ಕೊಡಬಹುದೇ? ಉರಿಯುವ ಒಲೆಗೆ ಊದುಕೊಳವೆ ಹಿಡಿದಂತಾಗುವುದಿಲ್ಲವೇ? ವೈದ್ಯರ ಭಯಕ್ಕೆ ಮೂಲ ಇದೇ.

ಬೆಂಗಳೂರಿನಿಂದ ಹಳ್ಳಿಯ ಕಡೆಗೆ

ನಮ್ಮ ನಾಡಿನ ಕಥೆಗೆ ಬರೋಣ. ಬೆಂಗಳೂರಿನ ಪೇಟೆಯಲ್ಲಿ 19ನೇ ಶತಮಾನದ ಮಧ್ಯಭಾಗದಲ್ಲಿ ಮನೋರೋಗಿಗಳಿಗಾಗಿ ಒಂದು ಆಶ್ರಯಾಲಯ ಹುಟ್ಟಿಕೊಂಡಿತು. ಅದು ಮೊದಲು ‘ಹುಚ್ಚಾಸ್ಪತ್ರೆ’. 1925ರಲ್ಲಿ ಮೈಸೂರು ಸರ್ಕಾರ ಅದರ ಹೆಸರನ್ನು ‘ಮಾನಸಿಕ ಆಸ್ಪತ್ರೆ’ ಎಂದು ಬದಲಿಸಿತು. ಡಾ. ಫ್ರಾಂಕ್ ನೊರೊನ್ಹಾ, ಅವರ ನಂತರ ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನು ಕೂಡಿಹಾಕುವ ಜಾಗದಿಂದ ಚಿಕಿತ್ಸೆಯ ಜಾಗವಾಗಿ ಬೆಳೆಸಿದರು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಮುಳಬಾಗಿಲಿನಿಂದ ಅಲ್ಲಿಗೆ ನೂರು ಕಿಲೋಮೀಟರ್‌ನಷ್ಟು ದಾರಿ. ಪೂರ್ವ ಗಡಿಯ ಹಳ್ಳಿಗಳಿಂದ ಬಸ್ಸು ಹಿಡಿದು ಅಲ್ಲಿಗೆ ಹೋದ ಕುಟುಂಬಗಳಿಗೆ ಲೆಕ್ಕವಿಲ್ಲ.

ರೋಗಿ ಬೆಂಗಳೂರಿಗೆ ಬರುವ ಬದಲು ಚಿಕಿತ್ಸೆಯೇ ಹಳ್ಳಿಗೆ ಹೋಗಬಾರದೇಕೆ? ನಿಮ್ಹಾನ್ಸ್ 1970ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದು ಇದನ್ನು ಪರೀಕ್ಷಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಲ್ಲಿಯೇ ಔಷಧಿ ಸಿಗುವಂತೆ ಮಾಡಿದರು. ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ. ಇಡೀ ದೇಶಕ್ಕೆ ಕರ್ನಾಟಕ ಕೊಟ್ಟ ಕಾಣಿಕೆ ಇದು.

ಕನ್ನಡದಲ್ಲಿ ತಿಳಿವಳಿಕೆಯೂ ಬೆಳೆಯಿತು. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳನ್ನು ನೀವೂ ಓದಿರಬಹುದು.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಹಳ್ಳಿಗೆ ಹೋದ ಆ ಮೊದಲ ಕಾರ್ಯಕ್ರಮಗಳ ಮುಖ್ಯ ಗುರಿ ತೀವ್ರ ಮನೋರೋಗಗಳು ಮತ್ತು ಮೂರ್ಛೆರೋಗ. ಬೀದಿಯಲ್ಲಿ ಕೂಗಾಡುವ ಉನ್ಮಾದ ಎಲ್ಲರ ಕಣ್ಣಿಗೆ ಬೀಳುತ್ತದೆ. ಹಿಂದಿನ ಬೆಂಚಿನಲ್ಲಿ ಕಿಟಕಿಯಾಚೆ ನೋಡುತ್ತಾ ಕುಳಿತವನ ಗಮನ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ವೈದ್ಯರು ಹೆಚ್ಚಾಗಿ ಅನುಸರಿಸುವುದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯನ್ನು. ಅದರ ಹತ್ತನೆಯ ಆವೃತ್ತಿಯ ಕಟ್ಟುನಿಟ್ಟಾದ ಸೂತ್ರಗಳಲ್ಲಿ, ಉನ್ಮಾದದ ಲಕ್ಷಣಗಳಿದ್ದರೆ ಅತಿಚಟುವಟಿಕೆಯ ರೋಗನಿರ್ಣಯ ಮಾಡಬಾರದೆಂದಿತ್ತು. ಹೀಗೆ ಪುಸ್ತಕವೇ ಎರಡನ್ನೂ ಒಟ್ಟಿಗೆ ನೋಡಲು ಬಿಡಲಿಲ್ಲ. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿ ಎಡಿಎಚ್‌ಡಿ ಎಂಬ ಹೆಸರನ್ನೇ ಒಪ್ಪಿಕೊಂಡಿದೆ.

ಗೊಂದಲದ ಕಾಲ

1970ರ ದಶಕದಲ್ಲಿ ಅಮೆರಿಕದ ಪಾಲ್ ವೆಂಡರ್ ಮತ್ತು ಸಂಗಡಿಗರು, ಗಮನದ ತೊಂದರೆ ಬಾಲ್ಯದೊಂದಿಗೆ ಮುಗಿಯುವುದಿಲ್ಲ, ದೊಡ್ಡವರಲ್ಲಿಯೂ ಉಳಿಯುತ್ತದೆ ಎಂದು ತೋರಿಸಿದರು. ಅಲ್ಲಿಂದ ಎರಡೂ ಕಾಯಿಲೆಗಳು ಒಬ್ಬರಲ್ಲೇ ಎದುರಾಗತೊಡಗಿದವು. ಇಂದಿನ ಅಂದಾಜಿನಂತೆ ದ್ವಿಧ್ರುವ ಕಾಯಿಲೆಯಿರುವ ಸುಮಾರು ಆರು ವಯಸ್ಕರಲ್ಲಿ ಒಬ್ಬರಿಗೆ ಎಡಿಎಚ್‌ಡಿಯೂ ಇದೆ.

ಆದರೆ ಕುರುಡಿನಿಂದ ಕಣ್ತೆರೆದವರು ಕೆಲವೊಮ್ಮೆ ಇಲ್ಲದ್ದನ್ನೂ ಕಾಣುತ್ತಾರೆ. 1990ರ ದಶಕದ ಮಧ್ಯದಿಂದ ಅಮೆರಿಕದಲ್ಲಿ ಸಿಡುಕು ಸ್ವಭಾವದ, ಚಂಚಲ ಮಕ್ಕಳಿಗೆಲ್ಲ ‘ಬೈಪೋಲಾರ್’ ಎಂಬ ಪಟ್ಟಿ ಹಚ್ಚುವುದು ಹೆಚ್ಚಾಯಿತು. ಹೊರರೋಗಿ ಚಿಕಿತ್ಸಾಲಯಗಳಲ್ಲಿ ಇಂಥ ರೋಗನಿರ್ಣಯ ಸುಮಾರು ಹತ್ತು ವರ್ಷಗಳಲ್ಲಿ 40 ಪಟ್ಟು ಏರಿತು! ಮಕ್ಕಳು 40 ಪಟ್ಟು ಕಾಯಿಲೆ ಬಿದ್ದಿರಲಿಲ್ಲ; ಹೆಸರಿಡುವ ರೀತಿ ಬದಲಾಗಿತ್ತು. 2013ರ ಕೈಪಿಡಿ ಇದನ್ನು ತಡೆಯಲೆಂದೇ ಸಿಡುಕಿನ ಮಕ್ಕಳಿಗೆ ಬೇರೊಂದು ವರ್ಗ ಮಾಡಿತು.

ಹಾಗಾದರೆ ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಹೇಗೆ? ಕ್ರೇಪೆಲಿನ್‌ನ ‘ಕಾಲಗತಿ’ಯನ್ನು ನೆನಪಿಸಿಕೊಳ್ಳಿ. ಎಡಿಎಚ್‌ಡಿ ಬಾಲ್ಯದಲ್ಲಿಯೇ, ಹನ್ನೆರಡು ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡು ಎಡೆಬಿಡದೆ ಇರುತ್ತದೆ. ಅದು ಬಾವಿಯ ನೀರಿನ ಮಟ್ಟದಂತೆ. ದ್ವಿಧ್ರುವದ ಉನ್ಮಾದ ಕೆರೆ ಕೋಡಿ ಬಿದ್ದಂತೆ. ಅದಕ್ಕೆ ಆರಂಭವಿದೆ, ಅಂತ್ಯವಿದೆ. ಎಡಿಎಚ್‌ಡಿಯವನು ನಿದ್ದೆ ಕೆಟ್ಟರೆ ಮರುದಿನ ಬಳಲುತ್ತಾನೆ. ಉನ್ಮಾದದವನಿಗೆ ನಿದ್ದೆಯೇ ಬೇಕೆನಿಸುವುದಿಲ್ಲ. ನಮ್ಮ ಕಲ್ಪಿತ ಹುಡುಗನ ಕಥೆಯಲ್ಲಿ ಮೂರನೇ ತರಗತಿಯಿಂದ ಬಂದದ್ದು ಒಂದು, ಪದವಿಯಲ್ಲಿ ಬಂದದ್ದು ಇನ್ನೊಂದು. ಇದನ್ನು ತಿಳಿಯಬೇಕಾದರೆ ವೈದ್ಯರು ಅವನ ತಾಯಿಯನ್ನು ಕೇಳಬೇಕು, ಹಳೆಯ ಮೇಷ್ಟ್ರನ್ನು ಕೇಳಬೇಕು, ಅಂಕಪಟ್ಟಿ ನೋಡಬೇಕು. ಇದೂ ಒಂದು ಬಗೆಯ ಇತಿಹಾಸ ಸಂಶೋಧನೆಯೇ.

ಮೊದಲು ಯಾವುದು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಶತಮಾನದಲ್ಲಿ. 2005ರಲ್ಲಿ ಅಮೆರಿಕದಲ್ಲಿ, ಎರಡೂ ತೊಂದರೆಗಳಿದ್ದ ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಮೊದಲು ಡೈವಾಲ್‌ಪ್ರೊಯೇಟ್ ಎಂಬ ಭಾವಸ್ಥಿರತೆಯ ಔಷಧಿ ಕೊಟ್ಟರು. ಹೆಚ್ಚಿನವರಲ್ಲಿ ಉನ್ಮಾದ ಇಳಿಯಿತು, ಆದರೆ ಗಮನ ಸುಧಾರಿಸಲಿಲ್ಲ. ಆ ಮೇಲೆ ಉತ್ತೇಜಕ ಸೇರಿಸಿದಾಗ ಗಮನ ಸುಧಾರಿಸಿತು, ಉನ್ಮಾದ ಕೆರಳಲಿಲ್ಲ.

2017ರಲ್ಲಿ ಸ್ವೀಡನ್ನಿನಿಂದ ಇನ್ನೂ ದೊಡ್ಡ ಸಾಕ್ಷ್ಯ ಬಂತು. ಆ ದೇಶದ ಆರೋಗ್ಯ ದಾಖಲೆಗಳಿಂದ, ಮೀಥೈಲ್‌ಫೆನಿಡೇಟ್ ಆರಂಭಿಸಿದ 2,307 ಮಂದಿ ದ್ವಿಧ್ರುವ ರೋಗಿಗಳನ್ನು ಆರಿಸಿಕೊಂಡರು. ಭಾವಸ್ಥಿರತೆಯ ಔಷಧಿ ಇಲ್ಲದೆ ಬರೀ ಉತ್ತೇಜಕ ಪಡೆದವರಲ್ಲಿ ಮೊದಲ ಮೂರು ತಿಂಗಳಲ್ಲಿ ಉನ್ಮಾದದ ಸಂಭವ ಆರು ಪಟ್ಟಿಗೂ ಮಿಗಿಲಾಗಿ ಏರಿತ್ತು. ಭಾವಸ್ಥಿರತೆಯ ಔಷಧಿಯ ಜೊತೆಗೆ ಪಡೆದವರಲ್ಲಿ ಏರಿಕೆ ಕಾಣಲಿಲ್ಲ. ಮದ್ದು ಅದೇ, ಕಾಯಿಲೆಯೂ ಅದೇ; ಬೇರೆಯಾದದ್ದು ಜೊತೆಯಲ್ಲಿ ಇನ್ನೊಂದು ಮದ್ದು ಇತ್ತೇ ಇಲ್ಲವೇ ಎಂಬುದು.

ಆದ್ದರಿಂದ ಇಂದಿನ ಕ್ರಮ ಹೀಗಿದೆ. ಮೊದಲು ಲಿಥಿಯಂ ಅಥವಾ ಅಂಥ ಔಷಧಿಯಿಂದ ಭಾವದ ಏರಿಳಿತವನ್ನು ನಿಲ್ಲಿಸಬೇಕು. ಮನಸ್ಸು ನೆಲೆನಿಂತ ಮೇಲೆ ಮತ್ತೆ ಕೇಳಬೇಕು: ಗಮನದ ತೊಂದರೆ ಈಗಲೂ ಇದೆಯೇ? ಎಷ್ಟೋ ವೇಳೆ ಅದು ಉನ್ಮಾದ, ಖಿನ್ನತೆಗಳ ನೆರಳಾಗಿದ್ದು ತಾನಾಗಿ ಹೋಗಿರುತ್ತದೆ. ಉಳಿದಿದ್ದರೆ ಕಡಿಮೆ ಪ್ರಮಾಣದಲ್ಲಿ ಉತ್ತೇಜಕವನ್ನೋ, ಉತ್ತೇಜಕವಲ್ಲದ ಆಟೊಮೊಕ್ಸೆಟಿನ್‌ನಂಥ ಔಷಧಿಯನ್ನೋ ಸೇರಿಸಿ, ನಿದ್ರೆಯನ್ನೂ ಮಾತಿನ ವೇಗವನ್ನೂ ಗಮನಿಸುತ್ತಿರಬೇಕು. ನಿದ್ರೆ ಏಕಾಏಕಿ ಕಡಿಮೆಯಾದರೆ ಅದೇ ಮೊದಲ ಎಚ್ಚರಿಕೆಯ ಗಂಟೆ. ಇವುಗಳ ಜೊತೆಗೆ ದಿನಚರಿ, ಹೊತ್ತಿಗೆ ಸರಿಯಾದ ನಿದ್ರೆ, ಪಾಠವನ್ನು ಸಣ್ಣ ತುಂಡುಗಳಾಗಿ ಮಾಡಿಕೊಂಡು ಓದುವ ಅಭ್ಯಾಸ, ಆಪ್ತಸಲಹೆ ಇವೂ ಬೇಕು.

ಕೋಲಾರದಂಥ ಒಣನಾಡಿನಲ್ಲಿ ಇನ್ನೊಂದು ಎಚ್ಚರ ಅಗತ್ಯ. ಲಿಥಿಯಂ ತೆಗೆದುಕೊಳ್ಳುವವರು ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ಬೆವರು ಸುರಿಸಿ ನೀರು ಕುಡಿಯದಿದ್ದರೆ, ಅಥವಾ ವಾಂತಿಭೇದಿಯಾದರೆ, ರಕ್ತದಲ್ಲಿ ಅದರ ಮಟ್ಟ ವಿಷದ ಕಡೆಗೆ ಏರಬಹುದು. ಕೈನಡುಕ ಹೆಚ್ಚಾಗುವುದು, ತೊದಲು, ತೂರಾಟ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅಂಗಡಿಯಿಂದ ತಂದ ಕೆಲವು ನೋವಿನ ಮಾತ್ರೆಗಳೂ ಆ ಮಟ್ಟವನ್ನು ಏರಿಸುತ್ತವೆ. ರಕ್ತ, ಥೈರಾಯ್ಡ್, ಮೂತ್ರಪಿಂಡಗಳ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಿರಲೇಬೇಕು. ಮೀಥೈಲ್‌ಫೆನಿಡೇಟ್ ಮಾದಕ ವಸ್ತು ನಿಯಂತ್ರಣ ಕಾಯಿದೆಯ ಕೆಳಗೆ ಬರುತ್ತದೆ. ಪರೀಕ್ಷೆಗೆ ಓದಲೆಂದು ಗೆಳೆಯನ ಮಾತ್ರೆ ನುಂಗುವುದು ಅಪರಾಧವಷ್ಟೇ ಅಲ್ಲ. ಒಳಗೆ ಮಲಗಿರುವ ದ್ವಿಧ್ರುವವನ್ನು ಅದು ಎಬ್ಬಿಸಿಬಿಡಬಹುದು.

ನಿಮ್ಮ ಪಾಲಿನ ಕೆಲಸ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಹೇಳುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹಕ್ಕಿದೆ, ಮದ್ದಿದೆ, ಕ್ರಮವೂ ತಿಳಿದಿದೆ. ಇನ್ನೂ ಕೊರತೆಯಿರುವುದು ಗುರುತಿಸುವ ಕಣ್ಣು.

ಮುಂದೆ ಕುರುಡುಮಲೆಗೆ ಹೋದರೆ ಸೋಮೇಶ್ವರ ದೇವಾಲಯದ ಎದುರು ಸ್ವಲ್ಪ ಹೊತ್ತು ನಿಲ್ಲಿ. ಅದರ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಭಾಗ ಅವನ ಮಗ ಡಂಕಣನದು ಎಂದು ಊರಿನವರು ಕಥೆ ಹೇಳುತ್ತಾರೆ. ಕೆತ್ತನೆಯ ರೀತಿ ಎರಡಾದರೂ ದೇವಾಲಯ ಒಂದೇ. ನಿಮ್ಮ ಪಕ್ಕದ ಬೆಂಚಿನವನಲ್ಲಿ ಎರಡು ತೊಂದರೆಗಳಿರಬಹುದು. ಆದರೆ ಅವನು ಒಬ್ಬನೇ ಮನುಷ್ಯ. ಅವನನ್ನು ‘ಸೋಮಾರಿ’ ಎನ್ನುವ ಮೊದಲು, ‘ಗಾಳಿ ಸೋಕಿದೆ’ ಎನ್ನುವ ಮೊದಲು, ಅವನ ಕಥೆಯನ್ನು ಮೊದಲಿನಿಂದ ಕೇಳಿ.

ಚರ್ಚೆಗೆ ಕೆಲವು ಪ್ರಶ್ನೆಗಳು

1. ಜಾರ್ಜ್ ಸ್ಟಿಲ್‌ನ ‘ನೈತಿಕ ನಿಯಂತ್ರಣದ ಕೊರತೆ’ ಎಂಬ ಮಾತಿಗೂ ನಾವು ಬಳಸುವ ‘ಸೋಮಾರಿ’ ಎಂಬ ಮಾತಿಗೂ ಏನು ಸಂಬಂಧ?
2. ಎಡಿಎಚ್‌ಡಿ ಮತ್ತು ಉನ್ಮಾದವನ್ನು ಬೇರ್ಪಡಿಸಲು ‘ಕಾಲಗತಿ’ ಹೇಗೆ ನೆರವಾಗುತ್ತದೆ?
3. ಬಳ್ಳಾರಿ ಮಾದರಿಯಲ್ಲಿ ಉನ್ಮಾದಕ್ಕೆ ಸಿಕ್ಕ ಗಮನ ಎಡಿಎಚ್‌ಡಿಗೆ ಏಕೆ ಸಿಗಲಿಲ್ಲ? ಇಂದು ನಿಮ್ಮ ಶಾಲೆಯಲ್ಲಿ ಏನು ಮಾಡಬಹುದು?